ಕಡಲ ಬದಿಯ ಮನೆ: ಯಾವ ಕೆಲಸಕ್ಕೆ ಯಾವ ಕಚೇರಿ, ಯಾವುದು ಮೊದಲು?

ಪ್ರಶ್ನೆ: ಮುಂಬಯಿಯಲ್ಲಿ ದುಡಿದು ನಿವೃತ್ತರಾಗಿ ಮಲ್ಪೆ ಹತ್ತಿರದ ತಂದೆಯ ಹಂಚಿನ ಮನೆಗೆ ಮರಳಿದ್ದೇವೆ. ತಂದೆ ಮುಂಬಯಿಯಲ್ಲೇ ತೀರಿಕೊಂಡರು. ಮನೆ ಇನ್ನೂ ಅವರ ಹೆಸರಿನಲ್ಲೇ ಇದೆ, ಮೂರು ವರ್ಷದ ತೆರಿಗೆ ಬಾಕಿ. ಮೇ ತಿಂಗಳಲ್ಲಿ ಬಾವಿ ನೀರು ಉಪ್ಪಾಗುತ್ತದೆ, ಜುಲೈಯಲ್ಲಿ ಶೌಚಾಲಯದ ಪಿಟ್ ತುಂಬಿ ಉಕ್ಕುತ್ತದೆ. ಎರಡು ಕೋಣೆ ಹೋಂಸ್ಟೇಗೆ ಕೊಡುವ ಯೋಚನೆಯಿದೆ. ಮನೆ ಎದುರಿನ ರಸ್ತೆಯಲ್ಲಿ ಪ್ರವಾಸಿಗರ ಕಸ, ಬೀದಿದೀಪ ಉರಿಯುವುದಿಲ್ಲ. ಯಾವುದಕ್ಕೆ ಯಾರ ಬಳಿ ಹೋಗಬೇಕು, ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ನಿಮ್ಮ ಮನೆ ಯಾರ ವ್ಯಾಪ್ತಿಯಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ. ‘ಮಲ್ಪೆ ಅಂಚೆ’ ಎಂಬ ವಿಳಾಸ ನೋಡಿ ನಿರ್ಧರಿಸಬೇಡಿ. ಮಲ್ಪೆ ಪೇಟೆ, ವಡಭಾಂಡೇಶ್ವರ, ಕೊಡವೂರು ಉಡುಪಿ ನಗರಸಭೆಯ 35 ವಾರ್ಡುಗಳ ಒಳಗೆ ಬರುತ್ತವೆ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಹೋದರೆ ತೆಂಕನಿಡಿಯೂರು, ಬಡಾನಿಡಿಯೂರು, ದಕ್ಷಿಣಕ್ಕೆ ಬಂದರೆ ಕಡೆಕಾರು. ಇವು ಗ್ರಾಮ ಪಂಚಾಯತ್‌ಗಳು. ಅಂಚೆ ಕಚೇರಿಗೆ ಈ ಗಡಿಯ ಲೆಕ್ಕವಿಲ್ಲ, ಒಂದೇ ರಸ್ತೆಯ ಎರಡು ಬದಿ ಎರಡು ಆಡಳಿತಕ್ಕೆ ಸೇರಿರುವುದೂ ಉಂಟು. ತಂದೆ ಕಟ್ಟಿದ ಕೊನೆಯ ತೆರಿಗೆ ರಶೀದಿಯ ತಲೆಬರಹದಲ್ಲಿ ಯಾರ ಹೆಸರಿದೆಯೋ ಅವರೇ ನಿಮ್ಮ ಕಚೇರಿ. ರಶೀದಿ ಸಿಗದಿದ್ದರೆ ಆರ್‌ಟಿಸಿಯಲ್ಲಿನ, ಅಂದರೆ ಪಹಣಿಯಲ್ಲಿನ, ಗ್ರಾಮದ ಹೆಸರು, ಸರ್ವೆ ನಂಬರ್ ಹಿಡಿದು ಕೇಳಿ.

ಈ ವ್ಯತ್ಯಾಸ ಮುಂದಿನ ಎಲ್ಲ ಕಾಗದಕ್ಕೂ ಅನ್ವಯಿಸುತ್ತದೆ. ನಗರಸಭೆಯಾದರೆ ಇ-ಆಸ್ತಿ ತಂತ್ರಾಂಶದ ಇ-ಖಾತಾ, ಕಂದಾಯ ವಿಭಾಗ, ಪೌರಾಯುಕ್ತರು. ಪಂಚಾಯತ್ ಆದರೆ ಇ-ಸ್ವತ್ತು, ಊರಿನವರು ‘ನೈನ್-ಇಲೆವೆನ್’ ಎನ್ನುವ 9 ಮತ್ತು 11ನೇ ನಮೂನೆಗಳು, ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ). ನೀವು ನಗರಸಭೆ ವ್ಯಾಪ್ತಿಯವರು ಎಂದುಕೊಂಡು ಮುಂದಿನದನ್ನು ಹೇಳುತ್ತೇನೆ. ಪಂಚಾಯತ್ ಆದರೂ ಕೆಲಸದ ಕ್ರಮ ಇದೇ, ಮೇಜು ಬೇರೆ ಅಷ್ಟೆ.

ಕ್ರಮ ಹೀಗೆ: ತೆರಿಗೆ ಬಾಕಿ, ಆಮೇಲೆ ಖಾತೆ, ಆಮೇಲೆ ಉಳಿದದ್ದು. ನೀರಿನ ಸಂಪರ್ಕ, ದುರಸ್ತಿ ಪರವಾನಗಿ, ಉದ್ದಿಮೆ ಪರವಾನಗಿ ಯಾವುದಕ್ಕೆ ಅರ್ಜಿ ಹಾಕಿದರೂ ಚಾಲ್ತಿ ಸಾಲಿನ ತೆರಿಗೆ ರಶೀದಿ ಮತ್ತು ನಿಮ್ಮ ಹೆಸರಿನ ಖಾತೆ ಕೇಳುತ್ತಾರೆ. ಮೊದಲು ನಲ್ಲಿ ಬರಲಿ, ಖಾತೆ ನಿಧಾನಕ್ಕೆ ನೋಡೋಣ ಎಂದು ಹೊರಟವರು ಮೂರು ಸಲ ಓಡಾಡಿ ಮತ್ತೆ ಖಾತೆಯ ಮೇಜಿಗೇ ಬರುತ್ತಾರೆ.

ತೆರಿಗೆ

ಆಸ್ತಿ ತೆರಿಗೆಯ ವರ್ಷ ಏಪ್ರಿಲ್ 1ರಿಂದ ಶುರು. ಇಡೀ ವರ್ಷದ್ದನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ, ಮೇ-ಜೂನ್‌ನಲ್ಲಿ ಕಟ್ಟಿದರೆ ರಿಯಾಯಿತಿಯೂ ಇಲ್ಲ ದಂಡವೂ ಇಲ್ಲ, ಜುಲೈ 1ರಿಂದ ತಿಂಗಳಿಗೆ ಶೇ. 2 ದಂಡ. ರಿಯಾಯಿತಿಯ ಗಡುವನ್ನು ಸರಕಾರ ಕೆಲವು ವರ್ಷ ಮುಂದೂಡಿದ್ದುಂಟು, ಅದನ್ನು ನಂಬಿ ಕೂರುವುದು ಬೇಡ. ತಿಂಗಳಿಗೆ ಎರಡು ಎಂದರೆ ಕಡಿಮೆ ಅನ್ನಿಸಬಹುದು. ಮಾರ್ಚ್ ಮುಗಿಯುವಾಗ ಅದು ಶೇ. 18 ಆಗಿರುತ್ತದೆ. ಮೂರು ವರ್ಷದ ಬಾಕಿಯಲ್ಲಿ ಮೊದಲ ವರ್ಷದ ತೆರಿಗೆಗೆ, ಮೂರನೇ ವರ್ಷದ ಮಾರ್ಚ್ ಹೊತ್ತಿಗೆ, 33 ತಿಂಗಳ ದಂಡ ಸೇರಿ ಶೇ. 66 ಹೆಚ್ಚುವರಿ ಬಿದ್ದಿರುತ್ತದೆ. ಹೀಗಾಗಿ ಖಾತೆ ಬದಲಾಗುವವರೆಗೆ ಕಾಯಬೇಡಿ. ತಂದೆಯ ಹೆಸರಿನಲ್ಲೇ ಈಗಲೇ ಕಟ್ಟಿ, ರಶೀದಿಯೂ ಅವರ ಹೆಸರಿನಲ್ಲೇ ಬರಲಿ. ಯಾರು ಹಣ ಕಟ್ಟಿದರು ಎಂಬುದರಿಂದ ಯಾರ ಹಕ್ಕೂ ಹುಟ್ಟುವುದಿಲ್ಲ, ಯಾರ ಹಕ್ಕೂ ಹೋಗುವುದಿಲ್ಲ.

ರಶೀದಿಯಲ್ಲಿ ತೆರಿಗೆಯ ಕೆಳಗೆ ಸೆಸ್‌ಗಳ ಸಾಲು ಕಾಣುತ್ತದೆ: ಆರೋಗ್ಯ ಶೇ. 15, ಗ್ರಂಥಾಲಯ ಶೇ. 6, ಭಿಕ್ಷುಕರ ಪುನರ್ವಸತಿ ಶೇ. 3, ನಗರ ಭೂಸಾರಿಗೆ ಶೇ. 2. ಒಟ್ಟು 26. ಘನತ್ಯಾಜ್ಯದ ಶುಲ್ಕ ಇದಕ್ಕೆ ಪ್ರತ್ಯೇಕ. ಹಳೆಯ ರಶೀದಿಗೂ ಹೊಸದಕ್ಕೂ ತಾಳೆಯಾಗುವುದಿಲ್ಲ ಎಂಬ ದೂರಿಗೆ ಸಾಮಾನ್ಯ ಕಾರಣ, ಒಂದರಲ್ಲಿ ಬರೀ ತೆರಿಗೆ ನೋಡಿ ಇನ್ನೊಂದರಲ್ಲಿ ಒಟ್ಟು ಮೊತ್ತ ನೋಡಿರುವುದು.

ಇದು ಸ್ವಯಂ ಘೋಷಣೆಯ ಪದ್ಧತಿ. ಕಟ್ಟಡದ ಅಳತೆ, ಮಾಡಿನ ಬಗೆ, ಬಳಕೆ ಎಲ್ಲವನ್ನೂ ನೀವೇ ಬರೆದುಕೊಡುತ್ತೀರಿ. ಅಳತೆ ತೆಗೆಯುವಾಗ ಹಿಂದಿನ ಬಚ್ಚಲು, ಸೌದೆ ಕೊಟ್ಟಿಗೆ, ಆಮೇಲೆ ಶೀಟು ಹಾಕಿ ಮುಚ್ಚಿದ ಜಗಲಿ ಬಿಟ್ಟುಹೋಗುವುದು ಸಾಮಾನ್ಯ. ಮುಂದೆ ಹೋಂಸ್ಟೇಗೆ ಅರ್ಜಿ ಹಾಕಿದಾಗ ಸ್ಥಳ ಪರಿಶೀಲನೆಗೆ ಬರುವವರ ಕಣ್ಣಿಗೆ ಮೊದಲು ಬೀಳುವುದು ಇವೇ. ಆಗ ವ್ಯತ್ಯಾಸದ ತೆರಿಗೆ ದಂಡದೊಂದಿಗೆ ಬರುತ್ತದೆ.

ಖಾತೆ

ನಿಮ್ಮ ಪ್ರಕರಣದಲ್ಲಿ ಸಮಯ ಹಿಡಿಯುವುದು ಇದೊಂದೇ. ಬೇಕಾಗುವ ಕಾಗದಗಳು ಇವು: ತಂದೆಯ ಮರಣ ಪ್ರಮಾಣಪತ್ರ, ಸಂತತಿ ನಕ್ಷೆ ಅಂದರೆ ವಂಶವೃಕ್ಷ, ಮೂಲ ದಸ್ತಾವೇಜು, ಋಣಭಾರ ಪತ್ರ ಅಂದರೆ ಇಸಿ, ಚಾಲ್ತಿ ತೆರಿಗೆ ರಶೀದಿ, ಮೆಸ್ಕಾಂ ವಿದ್ಯುತ್ ಬಿಲ್ಲು, ಮನೆಯ ಫೋಟೋ, ವಾರಸುದಾರರ ಆಧಾರ್, ಮತ್ತು ಖಾತೆ ಒಬ್ಬರ ಹೆಸರಿಗೆ ಮಾತ್ರ ಬೇಕಿದ್ದರೆ ಉಳಿದವರ ಹಕ್ಕು ಬಿಡುಗಡೆ ಅಥವಾ ವಿಭಾಗ ಪತ್ರ.

ಮರಣದ ನೋಂದಣಿ ಸಾವು ಸಂಭವಿಸಿದ ಊರಿನಲ್ಲೇ ಆಗುವುದು, ಸ್ವಂತ ಊರಿನಲ್ಲಿ ಅಲ್ಲ. ತಂದೆ ಮುಂಬಯಿಯಲ್ಲಿ ತೀರಿಕೊಂಡಿದ್ದರೆ ಅಲ್ಲಿನ ಮಹಾನಗರಪಾಲಿಕೆಯ ಪ್ರಮಾಣಪತ್ರವೇ ಇಲ್ಲೂ ಸಿಂಧು, ಇಲ್ಲಿ ಮತ್ತೆ ನೋಂದಾಯಿಸುವಂತಿಲ್ಲ. ನೋಂದಣಿಯೇ ಆಗಿಲ್ಲವೆಂದರೆ ಅಲ್ಲಿಗೇ ಹೋಗಬೇಕು. 21 ದಿನದೊಳಗೆ ಶುಲ್ಕವಿಲ್ಲ, 30 ದಿನದವರೆಗೆ ವಿಳಂಬ ಶುಲ್ಕ, ಒಂದು ವರ್ಷದವರೆಗೆ ಸ್ವಯಂ ದೃಢೀಕರಿಸಿದ ದಾಖಲೆ ಸಹಿತ ಅಧಿಕಾರಿಯ ಲಿಖಿತ ಅನುಮತಿ, ಆಮೇಲೆ ಮ್ಯಾಜಿಸ್ಟ್ರೇಟ್ ಆದೇಶ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಬಳಿಕ ಈ ಆದೇಶ ಕೊಡುವ ಅಧಿಕಾರ ಜಿಲ್ಲಾ, ಉಪವಿಭಾಗ ಮಟ್ಟದ ಆಡಳಿತಾಧಿಕಾರಿಗಳದ್ದು. ಜನನಕ್ಕೂ ಇದೇ ಅವಧಿಗಳು ಅನ್ವಯ. ಮೊಮ್ಮಗು ಮಣಿಪಾಲದ ಆಸ್ಪತ್ರೆಯಲ್ಲಿ ಹುಟ್ಟಿದರೆ ಮಣಿಪಾಲವೂ ಉಡುಪಿ ನಗರಸಭೆಯೊಳಗೇ ಇರುವುದರಿಂದ ದಾಖಲೆ ಇಲ್ಲೇ ಸಿಗುತ್ತದೆ.

ಪ್ರಮಾಣಪತ್ರದಲ್ಲಿನ ಹೆಸರು ಮತ್ತು ಖಾತೆಯಲ್ಲಿನ ಹೆಸರು ಅಕ್ಷರಶಃ ಹೊಂದಬೇಕು. ಇಲ್ಲಿನ ದಸ್ತಾವೇಜಿನಲ್ಲಿ ಮನೆತನದ ಹೆಸರು ಅಥವಾ ‘ಬಿನ್’ ಎಂದು ಅಜ್ಜನ ಹೆಸರು ಇರುತ್ತದೆ, ಮುಂಬಯಿಯ ಕಾಗದದಲ್ಲಿ ಅಡ್ಡಹೆಸರು ಕೊನೆಗೆ ಬಂದಿರುತ್ತದೆ. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಅನ್ನು ಅರ್ಜಿ ಹಾಕುವ ದಿನವೇ ಜೊತೆಗಿಡಿ. ಕಚೇರಿಯವರು ಕೇಳಿದ ಮೇಲೆ ಕೊಡೋಣ ಎಂದರೆ ಕಡತ ಅಲ್ಲೇ ನಿಂತುಬಿಡುತ್ತದೆ.

ಸಂತತಿ ನಕ್ಷೆ ನಾಡಕಚೇರಿಯಲ್ಲಿ, ಗ್ರಾಮ ಆಡಳಿತಾಧಿಕಾರಿಯ ವರದಿಯ ಮೇಲೆ ಸಿಗುತ್ತದೆ. ಮದುವೆಯಾಗಿ ಹೋದ ಅಕ್ಕ-ತಂಗಿಯರ ಹೆಸರು ಬಿಡಬೇಡಿ. ಬಿಟ್ಟರೆ ಖಾತೆ ಬದಲಾವಣೆಗೆ ಮುನ್ನ ಹೊರಡಿಸುವ ಆಕ್ಷೇಪಣೆ ನೋಟಿಸಿನ ಅವಧಿಯಲ್ಲೋ, ಇನ್ನೂ ಕೆಟ್ಟದೆಂದರೆ ಮಾರುವ ಹೊತ್ತಿಗೋ, ಅದು ಎದ್ದು ಬರುತ್ತದೆ. ಎಲ್ಲರೂ ಒಪ್ಪದಿದ್ದರೆ ಜಂಟಿ ಖಾತೆ ಮಾಡಿಸಿಕೊಳ್ಳುವುದು ಜಾಣತನ. ತೆರಿಗೆ ಕಟ್ಟಲು, ನೀರು ಪಡೆಯಲು ಅದರಿಂದ ತೊಂದರೆಯಿಲ್ಲ. ಇಸಿಯ ವಿಷಯದಲ್ಲಿ ಒಂದು ಮಾತು: ಕಾವೇರಿ ಜಾಲತಾಣದಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದೀಚಿನ ದಾಖಲೆ. ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಬೇರೆ ಅರ್ಜಿ ಕೊಡಬೇಕು.

ಕರಾವಳಿಗೇ ವಿಶೇಷವಾದ ತೊಡಕುಗಳು ಮೂರಿವೆ. ದಸ್ತಾವೇಜು ಅಳಿಯಸಂತಾನ (ಆಸ್ತಿ ಹೆಣ್ಣುಸಂತತಿಯ ಕಡೆಯಿಂದ ಸಾಗುವ) ಕುಟುಂಬದ ಯಜಮಾನರ ಹೆಸರಿನಲ್ಲಿದ್ದರೆ, ಅಂದರೆ ಮನೆ ತಂದೆಯ ಸೋದರಮಾವನ ಕಾಲದ್ದಾದರೆ, ಅದು ತಂದೆಯ ಸ್ವಂತದ್ದೆಂದು ಊಹಿಸಿ ಸಂತತಿ ನಕ್ಷೆಗೆ ಹೋಗಬೇಡಿ. ಕುಟುಂಬದ ವಿಭಾಗ ಪತ್ರ ಇದೆಯೇ ಎಂದು ಮೊದಲು ಹುಡುಕಿ. ಎರಡನೆಯದು ಮೂಲಗೇಣಿ, ಅಂದರೆ ಕಾಯಂ ಗೇಣಿ. ಹಳೆಯ ಪತ್ರದಲ್ಲಿ ಆ ಪದ ಕಂಡರೆ ವಕೀಲರಿಗೆ ತೋರಿಸಿ. ಮೂಲಗೇಣಿದಾರರಿಗೆ ಒಡೆತನ ಕೊಡುವ 2011ರ ಕಾಯಿದೆಯ ಹಾದಿ ಖಾತೆಯ ಹಾದಿಗಿಂತ ಬೇರೆ. ಖಾತೆ ತೆರಿಗೆ ಕಟ್ಟುವವರ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ ಎಂಬುದು ಇಲ್ಲಿ ನೆನಪಿರಬೇಕು. ಮೂರನೆಯದು ಭೂಪರಿವರ್ತನೆ, ಅಂದರೆ ಕೃಷಿ ಜಾಗವನ್ನು ಮನೆ ಜಾಗವಾಗಿಸುವುದು. ಘಟ್ಟದ ಮೇಲಿನ ಊರುಗಳಲ್ಲಿ ಮನೆಗಳು ಗ್ರಾಮಠಾಣಾದೊಳಗೆ ಒತ್ತೊತ್ತಾಗಿರುತ್ತವೆ. ನಮ್ಮಲ್ಲಿ ತೋಟ, ಗದ್ದೆಯ ನಡುವೆ ಚೆದುರಿದ ಮನೆಗಳು, ಜಾಗದ ತುಸು ಭಾಗಕ್ಕೆ ಮಾತ್ರ ಪರಿವರ್ತನೆ. ಊರಲ್ಲಿ ‘ಕಟ್ ಕನ್ವರ್ಷನ್’ ಎನ್ನುತ್ತಾರಲ್ಲ, ಅದು. ಪರಿವರ್ತನೆ ಆದೇಶ ಮತ್ತು ನಗರಾಭಿವೃದ್ಧಿ ಪ್ರಾಧಿಕಾರದ ಏಕನಿವೇಶನ ವಿನ್ಯಾಸ ಅನುಮೋದನೆ ಇಲ್ಲದ ಜಾಗ ಎ-ಖಾತಾ ಬದಲು ಬಿ-ಖಾತಾ (ಅನುಮೋದನೆಯಿಲ್ಲದ ಆಸ್ತಿಗಳ) ವಹಿಗೆ ಹೋಗುವ ಸಂಭವ ಹೆಚ್ಚು. ಮನೆ ಪಹಣಿಯ ಯಾವ ಭಾಗದಲ್ಲಿ ನಿಂತಿದೆ, ಆದೇಶ ಯಾವ ಭಾಗಕ್ಕಿದೆ ಎಂದು ಸರ್ವೆ ನಕ್ಷೆ ಇಟ್ಟು ಹೊಂದಿಸಿ ನೋಡಿ.

ಅರ್ಜಿ ಕೊಟ್ಟಾಗ ‘ಸಕಾಲ’ದ, ಅಂದರೆ ಸರಕಾರಿ ಸೇವೆಗೆ ಕಾಲಮಿತಿ ಹಾಕುವ ಕಾಯಿದೆಯ, ಸ್ವೀಕೃತಿ ಕೇಳಿ ಪಡೆಯಿರಿ. ಅದರಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಮತ್ತು ಕೆಲಸ ಮುಗಿಸಬೇಕಾದ ದಿನಾಂಕ ಇರುತ್ತದೆ. ಬರೀ ಟಪಾಲಿನ ಸೀಲು ಹೊಡೆಸಿಕೊಂಡು ಬಂದರೆ ಅರ್ಜಿಗೆ ಗಡುವೇ ಇರುವುದಿಲ್ಲ. ಗಡುವು ದಾಟಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕಾಯಿದೆಯಲ್ಲಿದೆ. ಆ ಹಣಕ್ಕಿಂತ ಮೇಲ್ಮನವಿ ಹಾಕುವ ಹಕ್ಕೇ ದೊಡ್ಡದು. ಮೇಲ್ಮನವಿಯಲ್ಲಿ ತಡ ಮಾಡಿದವರ ಹೆಸರು ದಾಖಲಾಗುತ್ತದೆ, ಕಡತ ಎದ್ದು ನಡೆಯುವುದು ಆಗ.

ನೀರು

ನಗರಸಭೆಯ ನೀರು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ಬರುತ್ತದೆ. ನದಿಯ ಹರಿವು ನಿಂತ ಮೇಲೆ, ಏಪ್ರಿಲ್-ಮೇಯಲ್ಲಿ, ಪಾಳಿಯಂತೆ ಬಿಡುವುದುಂಟು. ಹೊಸ ಸಂಪರ್ಕಕ್ಕೆ ಅರ್ಜಿ, ಠೇವಣಿ, ರಸ್ತೆ ಅಗೆದರೆ ಅದನ್ನು ಸರಿಪಡಿಸುವ ಶುಲ್ಕ, ಪರವಾನಗಿ ಹೊಂದಿದ ಪ್ಲಂಬರ್, ಮೀಟರು ಬೇಕು. ಮನೆ ಬಳಕೆಗೆ ಅರ್ಧ ಇಂಚಿನ ಪೈಪು ಸಾಕು. ಕಡಲ ಬದಿಯಲ್ಲಿ ಜಿಐ ಪೈಪು, ಕಬ್ಬಿಣದ ನಿಪ್ಪಲ್ ಬಳಸಬೇಡಿ. ಉಪ್ಪುಗಾಳಿಗೆ ಮೀಟರಿನ ಹತ್ತಿರದ ಸೇರುವೆ ಮೊದಲು ತುಕ್ಕು ಹಿಡಿದು ಸೋರುತ್ತದೆ, ಸೋರಿಕೆ ಮೀಟರಿನ ಒಳಬದಿಯಲ್ಲಿದ್ದರೆ ಆ ನೀರಿಗೆ ಬಿಲ್ಲು ಕಟ್ಟುವುದು ನೀವೇ. ಮೀಟರಿಗೆ ಮುಚ್ಚಳವಿರುವ ಪೆಟ್ಟಿಗೆ ಕೂಡಿಸಿ. ಒತ್ತಡ ಕಡಿಮೆಯೆಂದು ನಗರಸಭೆಯ ಕೊಳವೆಗೆ ನೇರ ಪಂಪು ಹಚ್ಚಬೇಡಿ, ಅದು ಅಕ್ರಮ. ಕೊಳವೆಯಲ್ಲಿ ನಿರ್ವಾತವಾಗಿ ಪಕ್ಕದ ಚರಂಡಿಯ ನೀರು ಬಿರುಕಿನಿಂದ ಒಳಸೇರುವುದೂ ಹೀಗೆಯೇ. ನೆಲಮಟ್ಟದಲ್ಲಿ ಸಣ್ಣ ತೊಟ್ಟಿ ಕಟ್ಟಿ, ತಾನಾಗಿ ತುಂಬಲಿ, ಆಮೇಲೆ ಮೇಲೆತ್ತಿ.

ಬಾವಿ ಉಪ್ಪಾಗುವುದಕ್ಕೆ ನಗರಸಭೆ ಕಾರಣವಲ್ಲ, ಪರಿಹಾರವೂ ಬಹುಪಾಲು ನಿಮ್ಮ ಅಂಗಳದಲ್ಲೇ ಇದೆ. ಮರಳಿನಡಿ ಮಳೆಯ ಸಿಹಿನೀರು ಕಡಲ ಉಪ್ಪುನೀರಿನ ಮೇಲೆ, ಎಣ್ಣೆ ನೀರಿನ ಮೇಲೆ ನಿಂತ ಹಾಗೆ, ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ ಸಮುದ್ರಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬಲ್ಲದು. ಮೇಲಿನ ಮಟ್ಟ ಒಂದು ಅಡಿ ಇಳಿಸಿದರೆ ಅದೇ ಲೆಕ್ಕದಲ್ಲಿ ಉಪ್ಪು ಮೇಲೇರುತ್ತದೆ. ದೊಡ್ಡ ಪಂಪಿನಲ್ಲಿ ಒಂದೇ ಸಲ ಟ್ಯಾಂಕು ತುಂಬಿಸುವುದು ಈ ಕಾರಣಕ್ಕೆ ತಪ್ಪು. ಅರ್ಧ ಎಚ್‌ಪಿ ಪಂಪಿನಲ್ಲಿ ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎತ್ತಿ, ಫುಟ್‌ವಾಲ್ವ್ ತಳಕ್ಕೆ ಬಿಡದೆ ನೀರಿನ ಮೇಲ್ಭಾಗದಲ್ಲಿರಲಿ. ಬೇಸಿಗೆಯಲ್ಲಿ ಬಾವಿ ಆಳ ಮಾಡಿಸುವುದು ಇದಕ್ಕಿಂತ ದೊಡ್ಡ ತಪ್ಪು, ಉಪ್ಪಿನ ಹತ್ತಿರಕ್ಕೆ ನೀವೇ ಹೋದಂತಾಗುತ್ತದೆ. ಬೋರ್‌ವೆಲ್ ಅಂತೂ ಬೇಡವೇ ಬೇಡ. ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಅಂತರ್ಜಲ ಎತ್ತುವುದಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲೇ ನಿರ್ಬಂಧವಿದೆ, ಸ್ಥಳೀಯರ ಸ್ವಂತ ಬಳಕೆಗಷ್ಟೇ ವಿನಾಯಿತಿ.

ಬದಲಿಗೆ ಮಾಡಿನ ನೀರು ಬಾವಿಗಿಳಿಸಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಇಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ. 100 ಚದರ ಮೀಟರ್ ಹಂಚಿನ ಮಾಡಿನಿಂದ, ಐದರಲ್ಲೊಂದು ಪಾಲು ಪೋಲಾಗಲಿ ಎಂದರೂ, ಮೂರು ಲಕ್ಷ ಲೀಟರ್ ದಾಟುತ್ತದೆ. ಮೊದಲ ಕೆಲವು ಮಳೆ ಹೊರಗೆ ಬಿಡಿ, ಹಕ್ಕಿ ಹಿಕ್ಕೆ, ಪಾಚಿ, ಧೂಳು ಹೋಗಲಿ. ಆಮೇಲೆ 200 ಲೀಟರ್ ಡ್ರಮ್ಮಿನಲ್ಲಿ ಜಲ್ಲಿ, ಇದ್ದಿಲು, ಮರಳಿನ ಪದರ ಹಾಕಿ ಸೋಸಿ ಬಿಡಿ. ಮೇ ತಿಂಗಳಲ್ಲೊಮ್ಮೆ ನೀರು ಪರೀಕ್ಷೆ ಮಾಡಿಸಿ. ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿದ್ದರೆ ಚೆನ್ನು, ಬೇರೆ ಮೂಲವೇ ಇಲ್ಲದಿದ್ದರೆ 1,000ದವರೆಗೆ ಕುಡಿಯಲು ಮಿತಿ. ಅದರ ಜೊತೆಗೇ ಮಲದ ಸೋಂಕನ್ನು ತೋರಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ನೋಡಿಸಿ, ಏಕೆಂದರೆ ಮುಂದಿನ ವಿಷಯ ಅದೇ.

ಪಿಟ್

ಒಳಚರಂಡಿ ಎಲ್ಲ ವಾರ್ಡುಗಳಿಗೆ ತಲುಪಿಲ್ಲ. ನಿಮ್ಮ ಮನೆ ಎದುರು ಚೇಂಬರ್ ಇದ್ದರೆ ಸಂಪರ್ಕಕ್ಕೆ ಅರ್ಜಿ ಹಾಕಿ, ಈ ಭಾಗ ಬಿಟ್ಟು ಮುಂದೆ ಓದಿ.

ಜುಲೈಯಲ್ಲಿ ಪಿಟ್ ಉಕ್ಕುವುದು ತುಂಬಿದ್ದಕ್ಕಲ್ಲ, ಇಂಗಲು ಜಾಗವಿಲ್ಲದ್ದಕ್ಕೆ. ಕಡಲ ಬದಿಯಲ್ಲಿ ಮಳೆಗಾಲದ ಅಂತರ್ಜಲ ನೆಲದಿಂದ ಒಂದೆರಡು ಅಡಿಗೆ ಬಂದಿರುತ್ತದೆ. ಆಗ ಸಕ್ಕಿಂಗ್ ಯಂತ್ರ ಕರೆಸಿ ಖಾಲಿ ಮಾಡಿಸಿದರೆ ನೆಲದ ನೀರೇ ಒಳನುಗ್ಗಿ ಎರಡು ದಿನದಲ್ಲಿ ಮತ್ತೆ ತುಂಬುತ್ತದೆ, ದುಡ್ಡು ದಂಡ. ಕಾಂಕ್ರೀಟಿನ ತೊಟ್ಟಿಯಾದರೆ ಇನ್ನೊಂದು ಅಪಾಯ: ಖಾಲಿಯಾದ ತೊಟ್ಟಿಯನ್ನು ಸುತ್ತಲಿನ ನೀರು ಮೇಲೆತ್ತುತ್ತದೆ, ಗೋಡೆ ಬಿರುಕು ಬಿಡುತ್ತದೆ. ಖಾಲಿ ಮಾಡಿಸುವ ಕಾಲ ಫೆಬ್ರವರಿಯಿಂದ ಏಪ್ರಿಲ್. ಎರಡು-ಮೂರು ವರ್ಷಕ್ಕೊಮ್ಮೆ ಸಾಕು. ತಳದಲ್ಲಿ ಸ್ವಲ್ಪ ಕೆಸರು ಬಿಡಲು ಹೇಳಿ, ಕೊಳೆಯಿಸುವ ಜೀವಾಣುಗಳು ಅಲ್ಲಿವೆ. ನಗರಸಭೆಯ ಯಂತ್ರ ಅಥವಾ ಅದರ ಅನುಮತಿ ಇರುವ ವಾಹನವನ್ನೇ ಕರೆಸಿ, ರಶೀದಿ ಪಡೆಯಿರಿ. ಕಡಿಮೆಗೆ ಬರುವವರು ಅದನ್ನು ರಾತ್ರಿ ಯಾವುದೋ ತೋಡಿಗೆ ಬಿಟ್ಟು ಹೋಗುತ್ತಾರೆ, ಆ ತೋಡು ಯಾರದೋ ಬಾವಿಯ ಪಕ್ಕ ಹರಿಯುತ್ತದೆ. ಸಹಾಯವಾಣಿ 14420. ಯಾರನ್ನೂ ಗುಂಡಿಗಿಳಿಸಬೇಡಿ: 2013ರ ಕಾಯಿದೆಯಡಿ ಅಪರಾಧ, ಮತ್ತು ಒಳಗಿನ ಅನಿಲ ಒಂದೆರಡು ಉಸಿರಿನಲ್ಲಿ ಎಚ್ಚರ ತಪ್ಪಿಸುತ್ತದೆ. ಇಳಿದವರನ್ನು ಎತ್ತಲು ಹೋದವರೂ ಸಾಯುವುದು ಅದರಿಂದಲೇ.

ಶಾಶ್ವತ ದಾರಿಯೆಂದರೆ ರಿಂಗ್ ಇಳಿಸಿದ ಗುಂಡಿ ಬಿಟ್ಟು ತಳ, ಗೋಡೆ ಎರಡೂ ಸೋರದ ಸೆಪ್ಟಿಕ್ ಟ್ಯಾಂಕ್ ಕಟ್ಟುವುದು. ಮರಳು ನೆಲದಲ್ಲಿ ರಿಂಗ್ ಗುಂಡಿಯ ನೀರು ಸೋಸದೆ ನೇರ ಬಾವಿಗೆ ಹೋಗುತ್ತದೆ. ಮನೆಯವರು ಐದು, ಹೋಂಸ್ಟೇಯ ನಾಲ್ವರು ಎಂದರೆ ಹತ್ತು ಜನರ ಲೆಕ್ಕ: ಒಳ ಅಳತೆ ಎರಡು ಮೀಟರ್ ಉದ್ದ, 90 ಸೆಂ.ಮೀ. ಅಗಲ, ನೀರಿನ ಆಳ 1.4 ಮೀಟರ್. ಎರಡು ವರ್ಷಕ್ಕೊಮ್ಮೆ ಖಾಲಿ ಮಾಡಿಸುವುದಾದರೆ ಇಷ್ಟು ಸಾಲುತ್ತದೆ. ಹೊರಬರುವ ನೀರಿಗೆ ಆಳದ ಗುಂಡಿ ತೋಡಬೇಡಿ, ನೆಲದಿಂದ ಎರಡು-ಮೂರು ಅಡಿ ಎತ್ತರಿಸಿದ ಮರಳು-ಜಲ್ಲಿಯ ದಿಬ್ಬಕ್ಕೆ ಹರಿಸಿ, ಬಾಳೆ ನೆಡಿ. ಬಾವಿಗೆ, ನೆರೆಯವರ ಬಾವಿಗೂ ಸೇರಿ, ಕನಿಷ್ಠ 15 ಮೀಟರ್ ದೂರ. ಐದು ಸೆಂಟ್ಸ್ ಜಾಗದಲ್ಲಿ ಈ ದೂರ ಸಿಗುವುದು ಕಷ್ಟ. ಸಿಗದಿದ್ದರೆ ಆ ಬಾವಿಯ ನೀರನ್ನು ಕುಡಿಯಲು ಬಳಸದಿರುವುದೇ ಸರಿ.

ಹೋಂಸ್ಟೇ ಮತ್ತು ಸಿಆರ್‌ಝಡ್

ಇಲ್ಲಿ ಬಹಳ ಜನ ಎಡವುತ್ತಾರೆ. 2019ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆ ಕಡಲ ತೀರದಲ್ಲಿ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ, ಉಬ್ಬರವಿಳಿತ ತಟ್ಟುವ ಹೊಳೆ ಬದಿಯಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ ಇವೆರಡರಲ್ಲಿ ಕಡಿಮೆಯಿರುವಷ್ಟಕ್ಕೆ ಅನ್ವಯಿಸುತ್ತದೆ. ಕಡಲಿನಿಂದ ದೂರವಿದ್ದೇವೆ ಎಂದುಕೊಂಡವರಲ್ಲಿ ಎಷ್ಟೋ ಮಂದಿ ಹೊಳೆಯ ಲೆಕ್ಕದಲ್ಲಿ ಒಳಗಿರುತ್ತಾರೆ. ನಗರಸಭೆ ವ್ಯಾಪ್ತಿ ಎಂದ ಮಾತ್ರಕ್ಕೆ ಎರಡನೇ ವಲಯವೇ, ಅಂದರೆ ಈಗಾಗಲೇ ಕಟ್ಟಡ ತುಂಬಿದ ನಗರ ಭಾಗವೇ, ಎಂದೂ ಊಹಿಸಬೇಡಿ. ಸರ್ವೆ ನಂಬರ್ ಕೊಟ್ಟು ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಯಲ್ಲಿ ವಲಯ ನಕ್ಷೆ ನೋಡಿಸಿ. ಮೂರನೇ ವಲಯವಾದರೆ, ಅಂದರೆ ಕಟ್ಟಡ ವಿರಳವಾದ ಭಾಗವಾದರೆ, 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನಸಾಂದ್ರತೆಯಿರುವಲ್ಲಿ ಮೊದಲ 50 ಮೀಟರ್, ಉಳಿದೆಡೆ 200 ಮೀಟರ್ ನಿರ್ಮಾಣ ನಿಷಿದ್ಧ.

ಸ್ವಂತ ವಾಸಕ್ಕೆ ಒಟ್ಟು 300 ಚದರ ಮೀಟರ್‌ವರೆಗಿನ ಮನೆಗೆ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಶಿಫಾರಸು ಬೇಡ, ಸ್ಥಳೀಯ ಸಂಸ್ಥೆಯೇ ನಿಯಮ ನೋಡಿ ಅನುಮತಿ ಕೊಡಬಹುದು. ಇದು ವಿನಾಯಿತಿಯಲ್ಲ, ಅರ್ಜಿಯ ದಾರಿ ಹತ್ತಿರವಾಯಿತು ಅಷ್ಟೆ, ನಿಷಿದ್ಧ ಜಾಗ ನಿಷಿದ್ಧವೇ. ಅಧಿಕೃತ ಹಳೆಮನೆಯ ದುರಸ್ತಿಗೆ ಅಡ್ಡಿಯಿಲ್ಲ, ಪಂಚಾಂಗದ ವಿಸ್ತೀರ್ಣ ಹೆಚ್ಚಬಾರದು. ಹಂಚು ತೆಗೆದು ಸ್ಲ್ಯಾಬ್ ಹಾಕಿ ಮೇಲೊಂದು ಮಹಡಿ ಏರಿಸುವುದನ್ನು ಯಾರೂ ದುರಸ್ತಿ ಎಂದು ಒಪ್ಪುವುದಿಲ್ಲ.

ಹೋಂಸ್ಟೇಗೆ ಅಧಿಸೂಚನೆಯಲ್ಲೇ ಅವಕಾಶವಿದೆ: ಸ್ಥಳೀಯರು ಇರುವ ಮನೆಯ ಪಂಚಾಂಗ, ವಿನ್ಯಾಸ, ಮುಂಭಾಗ ಬದಲಿಸದೆ ನಡೆಸಬಹುದು. ಹಾಗಾಗಿ ಅತಿಥಿಗಳಿಗೆಂದು ಹೊರಗೋಡೆಗೆ ಅಂಟಿಸಿ ಹೊಸ ಬಚ್ಚಲು ಕಟ್ಟಿದರೆ ಅಲ್ಲಿಗೆ ನಿಯಮ ಮುರಿಯಿತು. ಇರುವ ಕೋಣೆಯೊಳಗೇ ಮೂಲೆಯೊಂದನ್ನು ಬಚ್ಚಲಾಗಿಸಿ. ಖಾತೆ ಬಂದ ಮೇಲೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ, ನಗರಸಭೆಯ ಉದ್ದಿಮೆ ಪರವಾನಗಿ, ಊಟ ಕೊಡುವುದಾದರೆ ಆಹಾರ ಸುರಕ್ಷತಾ ನೋಂದಣಿ. ಉದ್ದಿಮೆ ಪರವಾನಗಿ ಆರ್ಥಿಕ ವರ್ಷಕ್ಕೆ. ಫೆಬ್ರವರಿಯಲ್ಲಿ ಪಡೆದರೂ ಮಾರ್ಚ್ 31ಕ್ಕೆ ಮುಗಿಯುವುದರಿಂದ ಏಪ್ರಿಲ್‌ನಲ್ಲಿ ಪಡೆಯುವುದು ಲಾಭ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿವರ ಕೊಡಬೇಕು.

ಕಸ, ದೀಪ, ತೋಡು, ಮರಳು

ಮನೆಯ ಕಸಕ್ಕೆ ಹಸಿ, ಒಣ, ನೈರ್ಮಲ್ಯದ್ದು ಎಂದು ಮೂರು ಡಬ್ಬಿ ಇಡಿ. ಹಳೆಯ ಬಲ್ಬು, ಬ್ಯಾಟರಿ, ಅವಧಿ ಮೀರಿದ ಮಾತ್ರೆಗಳನ್ನು ಬೇರೆ ಕಟ್ಟಿ ಕೊಡಿ. ಮೀನಿನ ಕಸ ದೊಡ್ಡ ತಲೆನೋವು. ಗಾಡಿ ಬರುವ ಮುಂಚಿನ ರಾತ್ರಿ ಗೇಟಿನ ಹೊರಗಿಟ್ಟರೆ ನಾಯಿ, ಕಾಗೆ ಬೀದಿಗೆಲ್ಲ ಹರಡುತ್ತವೆ. ಒಂದು ಅಡಿ ಗುಂಡಿಯಲ್ಲಿ ತೆಂಗಿನ ಬುಡಕ್ಕೆ ಹೂಳುವುದು ಒಳ್ಳೆಯದು, ಜಾಗವಿಲ್ಲದಿದ್ದರೆ ಮುಚ್ಚಳದ ಡಬ್ಬಿಯಲ್ಲಿ ಬೂದಿ ಉದುರಿಸಿಡಿ. ತೆಂಗಿನ ಗರಿ, ಬೊಂಡದ ಚಿಪ್ಪು, ಒಡೆದ ಹಂಚನ್ನು ಮನೆಮನೆ ಗಾಡಿ ಒಯ್ಯುವುದಿಲ್ಲ, ಆರೋಗ್ಯ ವಿಭಾಗಕ್ಕೆ ಹೇಳಿ ಬೇರೆ ವಾಹನ ತರಿಸಬೇಕು.

ರಸ್ತೆಯ ಪ್ರವಾಸಿ ಕಸ ನಗರಸಭೆಯದ್ದೇ, ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ತಿಳಿಸಿ. ಆದರೆ ಮರಳಿಗೆ ಕಾಲಿಟ್ಟ ಕೂಡಲೇ ಒಡೆಯರು ಬದಲಾಗುತ್ತಾರೆ. ಮಲ್ಪೆ ಬೀಚಿನ ನಿರ್ವಹಣೆ ಜಿಲ್ಲಾಡಳಿತದ ಅಧೀನದ ಅಭಿವೃದ್ಧಿ ಸಮಿತಿಗೆ ಸೇರಿದ್ದು. ಬಂದರಿನ ಕಸ, ವಾಸನೆ, ದಕ್ಕೆಯ ದೀಪ ಮೀನುಗಾರಿಕೆ ಇಲಾಖೆಗೆ. ಸತ್ತ ಕಡಲಾಮೆ, ಡಾಲ್ಫಿನ್ ದಡಕ್ಕೆ ಬಿದ್ದರೆ ಅರಣ್ಯ ಇಲಾಖೆಗೆ 1926ರಲ್ಲಿ ಹೇಳಿ. ಅವು ಸಂರಕ್ಷಿತ ಜೀವಿಗಳು, ನಗರಸಭೆಯ ಗಾಡಿ ಮುಟ್ಟುವಂತಿಲ್ಲ. ಯಾರಾದರೂ ಅಲೆಗೆ ಸಿಕ್ಕಿದ್ದು ಕಂಡರೆ 112, ದೋಣಿಯ ಅಪಾಯವಾದರೆ ಕರಾವಳಿ ಕಾವಲು ಪೊಲೀಸರ 1093 ಅಥವಾ ಕೋಸ್ಟ್ ಗಾರ್ಡ್‌ನ 1554.

ಬೀದಿದೀಪದ ದೂರಿನಲ್ಲಿ ಕಂಬದ ಸಂಖ್ಯೆ ಬರೆಯದಿದ್ದರೆ ಕೆಲಸಗಾರರು ಹಗಲು ಬಂದು ಯಾವುದೆಂದು ತಿಳಿಯದೆ ಹೋಗುತ್ತಾರೆ. ದೀಪ ಕೆಟ್ಟರೆ ನಗರಸಭೆ, ತಂತಿ ತುಂಡಾದರೆ ಅಥವಾ ಕಂಬ ವಾಲಿದರೆ ಮೆಸ್ಕಾಂನ 1912. ಸಾಲಿನ ಅಷ್ಟೂ ದೀಪ ಹೋಗಿದ್ದರೆ ಬಲ್ಬಿನ ತಪ್ಪಲ್ಲ, ಸ್ವಿಚ್ ಪೆಟ್ಟಿಗೆಯ ಸಂಪರ್ಕ ಉಪ್ಪಿಗೆ ಸವೆದಿರುತ್ತದೆ. ಅದನ್ನೇ ದೂರಿನಲ್ಲಿ ಬರೆಯಿರಿ. ‘ಜನಹಿತ’ ಆ್ಯಪಿನಲ್ಲಿ ಫೋಟೋ ಸಹಿತ ಹಾಕಿದರೆ ದೂರಿಗೆ ಸಂಖ್ಯೆ ಸಿಗುತ್ತದೆ, ಅಲ್ಲಿ ಆಗದಿದ್ದರೆ ಸರಕಾರದ ದೂರು ಸಹಾಯವಾಣಿ 1902.

ತೋಡಿನ ಹೂಳಿಗೆ ಮಾರ್ಚ್‌ನಲ್ಲೇ ಅರ್ಜಿ ಕೊಡಿ. ಮುಂಗಾರಿಗೆ ಮುನ್ನ ಹೂಳೆತ್ತುವ ಕಾಮಗಾರಿಗೆ ಟೆಂಡರ್ ಆಗಬೇಕು. ಜೂನ್‌ನಲ್ಲಿ ನೀರು ಅಂಗಳಕ್ಕೆ ನುಗ್ಗಿದ ಮೇಲೆ ಜೆಸಿಬಿ ಇಳಿಸಲೂ ಆಗದು. ಉಬ್ಬರ ಮತ್ತು ಜಡಿಮಳೆ ಒಟ್ಟಿಗೆ ಬಂದಾಗ ತೋಡಿನ ಬಾಯಿಗೆ ಕಡಲೇ ಅಡ್ಡ ನಿಲ್ಲುತ್ತದೆ, ಎಷ್ಟು ಹೂಳೆತ್ತಿದರೂ ಇಳಿತದವರೆಗೆ ಕಾಯಲೇಬೇಕು. ಆದರೆ ಇಳಿತದಲ್ಲೂ ನೀರು ಹೋಗದಿದ್ದರೆ ಕೆಳಗೆ ಯಾರದೋ ಕಂಪೌಂಡು ಅಥವಾ ಸಣ್ಣ ಮೋರಿ ಅಡ್ಡವಿದೆ ಎಂದರ್ಥ. ಎರಡೂ ಹೊತ್ತಿನ ಫೋಟೋ ತೆಗೆದು, ಸಮಯ ಬರೆದು, ಎಂಜಿನಿಯರಿಂಗ್ ವಿಭಾಗಕ್ಕೆ ಕೊಟ್ಟರೆ ಒತ್ತುವರಿಯ ವಾದ ಗಟ್ಟಿಯಾಗುತ್ತದೆ.

ಕಡಲ್ಕೊರೆತಕ್ಕೆ ನಗರಸಭೆಯಲ್ಲಿ ಹಣವೂ ಇಲ್ಲ, ಅಧಿಕಾರವೂ ಇಲ್ಲ. ಮನೆಗೆ ಅಪಾಯವಾದಾಗ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ, ತಹಶೀಲ್ದಾರರಿಗೆ ಅರ್ಜಿ, ಗ್ರಾಮ ಆಡಳಿತಾಧಿಕಾರಿಯಿಂದ ಮಹಜರು. ಹಾನಿಯಾದದ್ದನ್ನು ಮಹಜರಿಗೆ ಮುನ್ನ ತೆರವು ಮಾಡಿದರೆ ಪರಿಹಾರದ ಲೆಕ್ಕ ಸಿಗದು, ತೆಗೆಯಲೇಬೇಕಾದರೆ ಎಲ್ಲ ಬದಿಯಿಂದ ಫೋಟೋ ತೆಗೆದಿಡಿ. ಸ್ವಂತ ಖರ್ಚಿನಲ್ಲಿ ಕಲ್ಲು ತಂದು ಸುರಿಯುವುದಕ್ಕೂ ಮರಳಿನ ದಿಬ್ಬ ಸಮ ಮಾಡುವುದಕ್ಕೂ ಸಿಆರ್‌ಝಡ್ ಅಡ್ಡ ಬರುತ್ತದೆ. ನಿಮ್ಮ ಜಾಗದಲ್ಲಿ ತಂತಿಗೆ ವಾಲಿದ ತೆಂಗು ಅಥವಾ ಗಾಳಿಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಡ, ಮೆಸ್ಕಾಂನವರು ಲೈನ್ ಆಫ್ ಮಾಡಿದ ಮೇಲಷ್ಟೇ ಕೊಡಲಿ ಎತ್ತಿಸಿ. ಕಂಪೌಂಡಿನಾಚೆ ದಡದಲ್ಲಿರುವ ಗಾಳಿಮರಕ್ಕೆ ಮಾತ್ರ ಆ ವಿನಾಯಿತಿ ಇಲ್ಲ.